ಶೆಡ್ಡಿನ ಮುಂದಿನ ಚಪ್ಪರ

ನನ್ನ ತಮ್ಮ ದೂರದ ಕರಾವಳಿಯ ಒಂದು ಹಡಗುಕಟ್ಟೆಯಲ್ಲಿ ಎಂಜಿನಿಯರು. ಅಲ್ಲಿ ಅಣುಶಕ್ತಿಯ ಜಲಾಂತರ್ಗಾಮಿ ಕಟ್ಟುತ್ತಾರೆ ಅನ್ನುವುದು ಆ ಊರಿನ ಆಟೋದವರಿಗೆ ಗೊತ್ತು, ಮೀನು ಮಾರುವವರಿಗೆ ಗೊತ್ತು, ಶತ್ರು ದೇಶದವರಿಗಂತೂ ನಮಗಿಂತ ಮೊದಲೇ ಗೊತ್ತು. ಗೊತ್ತಿಲ್ಲದ ಹಾಗೆ ಇರಬೇಕಾದವರು ಮನೆಯವರು ಮಾತ್ರ. "ಏನೋ ಕೆಲಸ ನಿಂದು?" ಅಂತ ಕೇಳಿದರೆ "ಪಂಪು ಕಣಕ್ಕ" ಅನ್ನುತ್ತಾನೆ. ಎಂಥ ಪಂಪು, ಯಾವುದಕ್ಕೆ ಹಾಕುವ ಪಂಪು ಅಂದರೆ, "ಅದೆಲ್ಲ ಹೇಳೋ ಹಾಗಿಲ್ಲ." ನಮ್ಮ ಕಡೆ ಪಂಪು ಅಂದರೆ ತೆಂಗಿನ ತೋಟಕ್ಕೆ ನೀರೆತ್ತುವುದು. ಅಪ್ಪ ಸಾಯುವವರೆಗೂ ಊರವರಿಗೆ ಮಗ ಬೋರ್‌ವೆಲ್ ಕಂಪನಿಯಲ್ಲಿದ್ದಾನೆ ಅಂತಲೇ ಹೇಳಿಕೊಂಡು ಬಂದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಇರಲಿ. ಕೋಪ ಬರಬೇಕಾದ ಕಡೆ ಬರದಿದ್ದರೆ ಅದನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೆ?

ನಾನು ಅರಸೀಕೆರೆಯ ಒಂದು ಪಿಯು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತೇನೆ. ಉಪಗ್ರಹದ ಚಿತ್ರಗಳ ಬಗ್ಗೆ ಒಂದು ಪಾಠವಿದೆ. ಅವುಗಳಲ್ಲಿ ಎಷ್ಟೋ ಬಿಟ್ಟಿ ಸಿಗುತ್ತವೆ, ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ತೆರೆದು ನೋಡಬಹುದು. ಮಕ್ಕಳಿಗೆ ಹಳೇಬೀಡಿನ ಕೆರೆ ತೋರಿಸುತ್ತಿದ್ದೆ, ಬೇಸಿಗೆಯಲ್ಲಿ ಹೇಗೆ ಸೊರಗುತ್ತದೆ, ಮಳೆಗಾಲ ಕಳೆದ ಮೇಲೆ ಹೇಗೆ ಮೈ ತುಂಬಿಕೊಳ್ಳುತ್ತದೆ ಅಂತ. ನಮ್ಮ ಜಂಕ್ಷನ್ನಿನಲ್ಲಿ ಹಳಿಗಳು ಕೂಡುವ ಜಾಗ ತೋರಿಸುತ್ತಿದ್ದೆ. ಒಮ್ಮೆ ತಮ್ಮ ವಾರಗಟ್ಟಲೆ ಫೋನ್ ಎತ್ತಲಿಲ್ಲ. ಬೇಸತ್ತು ಅವನ ಊರನ್ನೇ ತೆರೆದು ನೋಡಿದೆ. ಸಮುದ್ರದ ಅಂಚಿನಲ್ಲಿ ಉದ್ದನೆಯ ಶೆಡ್ಡು. ಅದರ ಮುಂದೆ ಹಡಗು ಇಳಿಸುವ ಹೊಂಡ, ಪಕ್ಕದಲ್ಲಿ ಕ್ರೇನಿನ ನೆರಳು. ದೇಶದ ದೊಡ್ಡ ಗುಟ್ಟು ಒಣಗಲು ಹಾಕಿದ ಹಪ್ಪಳದ ಹಾಗೆ ಬಿಸಿಲಿಗೆ ಬಿದ್ದುಕೊಂಡಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಹೀಗೆ ನೋಡುವವರು ನಾನೊಬ್ಬಳೇ ಅಲ್ಲ ಅಂತ ಆಮೇಲೆ ತಿಳಿಯಿತು. ಲೋಕದ ಎಲ್ಲೆಲ್ಲೋ ಕೂತು ಇದನ್ನೇ ಮಾಡುವವರಿದ್ದಾರೆ. ನೌಕಾಪಡೆಯಿಂದ ನಿವೃತ್ತರಾದವರು, ಓದುವ ಹುಡುಗರು, ಬೇರೆ ಕೆಲಸವಿಲ್ಲದವರು. ಹೊಂಡ ಒಣಗಿದ್ದರೆ ಚಿತ್ರದಲ್ಲಿ ಬೂದು ಬಣ್ಣ, ನೀರು ಬಿಟ್ಟರೆ ಕಪ್ಪು. ನೆರಳಿನ ಉದ್ದದಿಂದ ಕ್ರೇನಿನ ಎತ್ತರ ಗೊತ್ತಾಗುತ್ತದೆ. ಎಳೆಯುವ ದೋಣಿಗಳು ಬಂದು ನಿಂತವು ಅಂದರೆ ಏನೋ ಹೊರಗೆ ಬರಲಿದೆ. ಅವರು ಬರೆದದ್ದನ್ನೆಲ್ಲ ಓದಿದೆ, ನಾನು ಒಂದಕ್ಷರವನ್ನೂ ಬರೆಯಲಿಲ್ಲ. ಅವರಿಗೆ ಬೇಕಾದದ್ದು ದೋಣಿ, ಜಲಾಂತರ್ಗಾಮಿಗೆ ಅವರು ಹಾಗೇ ಅನ್ನುವುದು, ನನಗೆ ಬೇಕಾದದ್ದು ತಮ್ಮ. ಹಿಂದಿನ ದೋಣಿ ನೀರಿಗಿಳಿದ ಬೆನ್ನಿಗೇ ಅವನಿಗೆ ರಜೆ ಸಿಕ್ಕಿತ್ತು, ಊರಿಗೆ ಬಂದು ಹೊಟ್ಟೆ ತುಂಬ ಉಂಡು ಮಲಗಿದ್ದ. ಅದರಿಂದ ಶೆಡ್ಡು ನೋಡಿಕೊಂಡೇ ಅವನ ರಜೆ ಯಾವಾಗ ಅಂತ ಲೆಕ್ಕ ಹಾಕುವುದು ನನಗೆ ಅಭ್ಯಾಸವಾಯಿತು. "ನಿನ್ನ ತಮ್ಮನ ದೋಣಿ ನೋಡಿದ್ದಾಯ್ತಾ? ಸ್ವಲ್ಪ ಒಲೆ ಮೇಲಿನ ಉಪ್ಪಿಟ್ಟನ್ನೂ ನೋಡು" ಅಂತ ಯಜಮಾನರು ಕೀಟಲೆ ಮಾಡುತ್ತಿದ್ದರು.

ಹೊರಗೆ ಕೂತು ಒಳಗಿನದನ್ನು ತಿಳಿಯುವುದು ನನಗೆ ಹೊಸದಲ್ಲ. ನಾನು ಅರ್ಚಕರ ಮಗಳು. ಹಳೇಬೀಡಿನಿಂದ ಬಾಣಾವರಕ್ಕೆ ಬರುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮೂರು, ಅಲ್ಲೊಂದು ಸಣ್ಣ ಕೇಶವನ ಗುಡಿ. ಪ್ರವಾಸಿಗಳು ಅತ್ತ ಸುಳಿಯುವುದಿಲ್ಲ. ಬೇಲೂರು ಹಳೇಬೀಡು ನೋಡಿದವರಿಗೆ ಅಲ್ಲೇನು ಕಂಡೀತು? ಹೊರಗೋಡೆಯಲ್ಲಿರುವ ಒಂದೆರಡು ಗೊಂಬೆಗಳ ಮೂಗೂ ಮುರಿದಿದೆ. ಅಭಿಷೇಕಕ್ಕೆ, ಅಲಂಕಾರಕ್ಕೆ, ನೈವೇದ್ಯಕ್ಕೆ ಗರ್ಭಗುಡಿಯ ಬಾಗಿಲಿಗೆ ಕೆಂಪು ತೆರೆ ಎಳೆಯುತ್ತಿದ್ದರು. ನಾನೂ ತಮ್ಮನೂ ನವರಂಗದ ತಣ್ಣನೆಯ ಕಲ್ಲಿನ ಮೇಲೆ ಕೂತು ಒಳಗೆ ಅಪ್ಪ ಏನು ಮಾಡುತ್ತಿದ್ದಾರೆ ಅಂತ ಹೇಳುವ ಆಟ ಆಡುತ್ತಿದ್ದೆವು. ನೀರು ಸುರಿದರೆ ದಪ್ಪ ಸದ್ದು, ಹಾಲಾದರೆ ಸಣ್ಣದು. ಒದ್ದೆ ವಸ್ತ್ರ ಹೊರಗೆ ಬಂತು ಅಂದರೆ ಅಭಿಷೇಕ ಮುಗಿಯಿತು. ಹೂವಿನ ಬುಟ್ಟಿ ಒಳಗೆ ಹೋಗಿ ಎಷ್ಟು ಹೊತ್ತಾಯಿತು ಅನ್ನುವುದರಿಂದ ಇವತ್ತು ಬರೀ ಹಾರವೋ ಪೂರ್ತಿ ಅಲಂಕಾರವೋ ಅನ್ನುವುದು ತಿಳಿಯುತ್ತಿತ್ತು. ಎಲ್ಲ ಸದ್ದೂ ನಿಂತು ಗುಡಿ ಗಪ್‌ಚಿಪ್ ಆಯಿತೆಂದರೆ ನೈವೇದ್ಯ, ದೇವರು ಉಣ್ಣುತ್ತಿದ್ದಾನೆ. ಆಮೇಲೆ ಗಂಟೆ, ಮಂಗಳಾರತಿ, ತೆರೆ ಸರಿಯುತ್ತಿತ್ತು. ಈ ಆಟದಲ್ಲಿ ನಾನು ತಪ್ಪುತ್ತಲೇ ಇರಲಿಲ್ಲ, ತಮ್ಮನಿಗೆ ಎಷ್ಟು ಹೇಳಿಕೊಟ್ಟರೂ ಹಾಲಿಗೂ ನೀರಿಗೂ ವ್ಯತ್ಯಾಸ ಹತ್ತಲಿಲ್ಲ.

ಅವನಿಗೆ ಉಪನಯನವಾಯಿತು. ಹಾಲು ನೀರು ತಿಳಿಯದ ಮಹಾಶಯ ತೆರೆಯ ಒಳಗೆ ಹೋದ, ನಾನು ಕಲ್ಲಿನ ಮೇಲೇ ಉಳಿದೆ. ಒಳಗೆ ಏನೇನಿದೆಯೋ ಅಂತ ಕೇಳಿದೆ. "ಅದೆಲ್ಲ ಹೇಳೋ ಹಾಗಿಲ್ಲ ಅಕ್ಕ" ಅಂದ. ಆಗಲೇ ಶುರು ನೋಡಿ. ಹಡಗುಕಟ್ಟೆಯವರು ಅವನಿಗೆ ಹೊಸದಾಗಿ ಏನನ್ನೂ ಕಲಿಸಬೇಕಾಗಿರಲಿಲ್ಲ.

ಆ ಗುಡಿಯ ಪೂಜೆ ಎರಡು ಮನೆಯವರದು, ನಮ್ಮದು ಮತ್ತು ದೊಡ್ಡಪ್ಪನವರದು. ವರ್ಷಕ್ಕೊಬ್ಬರ ಸರದಿ, ಯುಗಾದಿಯಿಂದ ಯುಗಾದಿಗೆ. ಸರದಿ ಶುರುವಾಗುವ ಯುಗಾದಿಯ ಬೆಳಿಗ್ಗೆ ಆ ಮನೆಯ ಗಂಡಸು ಬಂದು ಊರಗೌಡರ ಕೈಯಿಂದ ಗುಡಿಯ ಬೀಗದ ಕೈ ಇಸಿದುಕೊಂಡು ಮೊದಲ ಪೂಜೆ ಮಾಡಬೇಕು. ಆಮೇಲೆ ವರ್ಷವೆಲ್ಲ ಬೇರೆಯವರನ್ನು ಇಟ್ಟು ಮಾಡಿಸಿದರೂ ನಡೆಯುತ್ತದೆ. ಆದರೆ ಆ ಬೆಳಿಗ್ಗೆ ಬರದಿದ್ದರೆ ಆ ಮನೆಯವರು ಪೂಜೆ ಕೈಬಿಟ್ಟ ಹಾಗೆ, ಮತ್ತೆ ಸರದಿ ಇಲ್ಲ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡದ ಕಟ್ಟಳೆಯ ಜೊತೆ ಜಗಳವಾಡಲೂ ಆಗುವುದಿಲ್ಲ. ಅಪ್ಪ ತೀರಿಕೊಂಡದ್ದು ದೊಡ್ಡಪ್ಪನವರ ಸರದಿಯ ವರ್ಷದಲ್ಲಿ. ಮುಂದಿನ ಯುಗಾದಿಗೆ ನಮ್ಮದು, ಬರಬೇಕಾದವನು ತಮ್ಮ.

ಸಂಕ್ರಾಂತಿ ಕಳೆದಾಗಿನಿಂದ ಕೇಳುತ್ತಾ ಬಂದೆ. "ಬರ್ತೀಯೇನೋ?" "ನೋಡೋಣ ಅಕ್ಕ." "ನೋಡೋದೇನು, ಒಂದು ದಿನಕ್ಕೆ ಬಂದು ಹೋಗು." "ಈಗ ಏನೂ ಹೇಳೋ ಹಾಗಿಲ್ಲ." ಈ ಒಂದು ಮಾತಿಗೆ ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸುತ್ತಿತ್ತು. ರಜೆ ಕೊಡುವುದಿಲ್ಲ ಅನ್ನುವುದನ್ನಾದರೂ ಹೇಳಬಾರದೆ? ಅದೂ ಗುಟ್ಟಂತೆ! ಎಂಜಿನಿಯರಿಗೆ ರಜೆ ಇಲ್ಲ ಅಂದರೆ ದೋಣಿ ಮುಗಿಯುತ್ತ ಬಂದಿದೆ ಅಂತ ಅರ್ಥವಾಗಿಬಿಡುತ್ತದಂತೆ. ಇದನ್ನೂ ಅವನು ಹೇಳಲಿಲ್ಲ, ನಾನೇ ಊಹಿಸಿಕೊಂಡದ್ದು.

ದೊಡ್ಡಪ್ಪನ ಮಗ, ನಾನು ಅಣ್ಣ ಅನ್ನುವವನು, ಕೆಟ್ಟವನಲ್ಲ. ನಮ್ಮ ಮನೆಗೇ ಬಂದು ಕಾಫಿ ಕುಡಿದು ಹೇಳಿದ. "ನೋಡಮ್ಮ, ಅವನಿಗೆ ಬರೋಕಾಗಲ್ಲ ಅಂದ್ರೆ ಈಗಲೇ ಹೇಳಿಬಿಡು. ಅವನ ಹೆಸರಲ್ಲಿ ನಾನೇ ಬೀಗದ ಕೈ ಇಸ್ಕೊಳ್ತೀನಿ. ಮೊದಲೇ ಹೇಳಿದ್ರೆ ಗೌಡರು ಒಪ್ತಾರೆ. ಸರದಿ ನಿಮ್ಮ ಮನೇದಾಗೇ ಉಳಿಯತ್ತೆ. ಆ ದಿನ ಬಂದು ಹೇಳಿದ್ರೆ ನಡೆಯಲ್ಲ." ಯೋಚಿಸಿ ಹೇಳುತ್ತೇನೆ ಅಂದೆ. ಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು.

ಆ ವಾರದ ಚಿತ್ರದಲ್ಲಿ ಶೆಡ್ಡಿನ ಮುಂದೆ ಬಿಳಿ ಚೌಕವೊಂದು ಕಂಡಿತು. ಅದರ ಹಿಂದಿನ ಚಿತ್ರದಲ್ಲಿ ಅದು ಇರಲಿಲ್ಲ. ಬಿಟ್ಟಿ ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ, ಲಾರಿಯೂ ಕಾಣುವುದಿಲ್ಲ. ಕಂಡದ್ದು ನಾಲ್ಕಾರು ಬಿಳಿ ಚುಕ್ಕೆ, ಒತ್ತೊತ್ತಾಗಿ. ಶಾಮಿಯಾನ! ಹಿಂದಿನ ದೋಣಿ ಇಳಿದಾಗಲೂ ಅದೇ ಜಾಗದಲ್ಲಿ ಚಪ್ಪರ ಹಾಕಿ, ದೊಡ್ಡವರು ಬಂದು ತೆಂಗಿನಕಾಯಿ ಒಡೆದಿದ್ದರು. ಆದರೂ ಖಾತ್ರಿ ಬೇಕಿತ್ತು. ಕಳೆದ ರಾಮನವಮಿಗೆ ನಮ್ಮ ಗುಡಿಯ ಮುಂದೆ ಚಪ್ಪರ ಹಾಕಿದ್ದ ದಿನಗಳ ಚಿತ್ರ ಹುಡುಕಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಅದೇ ಬಿಳಿ, ಅದೇ ಆಕಾರ, ಸ್ವಲ್ಪ ಚಿಕ್ಕದು. ನಮ್ಮ ಕಡೆ ಬಾಗಿಲ ಮುಂದೆ ಚಪ್ಪರ ಎದ್ದಿತು ಅಂದರೆ ಒಳಗೆ ಶುಭಕಾರ್ಯ. ಹೊಂಡದಲ್ಲಿ ಇನ್ನೂ ನೀರು ಬಂದಿರಲಿಲ್ಲ, ಬೂದು ಬಣ್ಣವೇ ಇತ್ತು. ಬರುತ್ತದೆ, ಮದುವೆಗೆ ಚಪ್ಪರ ಮೊದಲು, ನೀರು ತುಂಬುವುದು ಆಮೇಲೆ ಅಂದುಕೊಂಡೆ.

ಅವತ್ತೇ ಫೋನ್ ಮಾಡಿದೆ. "ಶೆಡ್ಡಿನ ಮುಂದೆ ಚಪ್ಪರ ಹಾಕಿದ್ದಾರಲ್ಲೋ. ಹಾಗಾದ್ರೆ ಯುಗಾದಿಗೆ ಬರ್ತೀಯ ತಾನೆ?"

ಅವನು "ಯಾರು ಹೇಳಿದ್ರು ನಿಂಗೆ?" ಅಂದ.

"ಆಕಾಶ ಹೇಳ್ತು" ಅಂದೆ, ಜಂಬದಿಂದಲೇ.

ಅವನು ಉಸಿರಾಡುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಫೋನ್ ಇಟ್ಟುಬಿಟ್ಟ. ನನಗೆ ಇನ್ನೇನು ಬೇಕು? ಇಲ್ಲ ಅನ್ನಲಿಲ್ಲವಲ್ಲ. ಒಳಗೆ ಸದ್ದು ನಿಂತಿದೆ, ಅಂದರೆ ನೈವೇದ್ಯ ನಡೆಯುತ್ತಿದೆ. ಇನ್ನೇನು ಗಂಟೆ ಬಾರಿಸುತ್ತಾರೆ, ತೆರೆ ಸರಿಯುತ್ತದೆ. ಅಣ್ಣನಿಗೆ ಹೇಳಿಕಳಿಸಿದೆ, ನಿನ್ನ ಉಪಕಾರ ಬೇಡ, ನನ್ನ ತಮ್ಮ ಬಂದೇ ಬರುತ್ತಾನೆ ಅಂತ. ಮಾರನೆಯ ದಿನ ಹೋಳಿಗೆ ಮಾಡಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದೆ. ಏನು ವಿಶೇಷ ಅಂತ ಕೇಳಿದವರಿಗೆ "ಅದೆಲ್ಲ ಹೇಳೋ ಹಾಗಿಲ್ಲ" ಅಂದು ನಕ್ಕೆ.

ಯುಗಾದಿಯ ಬೆಳಿಗ್ಗೆ ತಮ್ಮ ಬರಲಿಲ್ಲ. ಫೋನ್ ಆಫ್. ಗುಡಿಯ ಮೆಟ್ಟಿಲ ಮೇಲೆ ಗೌಡರು ಹಿತ್ತಾಳೆಯ ತಟ್ಟೆಯಲ್ಲಿ ಬೀಗದ ಕೈ ಇಟ್ಟುಕೊಂಡು ಕಾದರು. ನ್ಯಾಯವಾಗಿಯೇ ಕಾದರು, ಬಿಸಿಲು ಮೆಟ್ಟಿಲಿಗೆ ಬರುವವರೆಗೂ. ಬೇವುಬೆಲ್ಲ ತಂದಿದ್ದ ಹೆಂಗಸರು ಒಬ್ಬೊಬ್ಬರೇ ನನ್ನ ಮುಖ ನೋಡಿ ಅತ್ತ ತಿರುಗಿದರು.

"ಬತ್ತಾನೇನವ್ವ ನಿನ್ ತಮ್ಮ?" ಗೌಡರು ಕೇಳಿದರು.

"ನನಗೇ ಕೊಡಿ ಗೌಡ್ರೆ" ಅಂದೆ. ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಈ ಗುಡಿಯ ಪೂಜೆ ಯಾವುದಾದ ಮೇಲೆ ಯಾವುದು ಅಂತ ನನಗೆ ಗೊತ್ತಿರೋಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಗೌಡರು ನಗಲಿಲ್ಲ. "ಗೊತ್ತೈತೆ ತಾಯಿ. ಗೊತ್ತಿದ್ರೆ ಆಯ್ತದಾ? ಒಳೀಕ್ ಹೋಗೋರು ಬೇಕಲ್ಲ" ಅಂದರು. ತಟ್ಟೆಯನ್ನು ಅಣ್ಣನ ಕಡೆ ಹಿಡಿದರು. ಅವನು ನನ್ನ ಕಡೆ ನೋಡದೆ ತೆಗೆದುಕೊಂಡ. ಅಜ್ಜ, ಅಪ್ಪ ಮಾಡಿಕೊಂಡು ಬಂದ ಪೂಜೆ ಅಲ್ಲಿಗೆ ನಮ್ಮ ಮನೆಯಿಂದ ಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮ ಪಾಲಿಗೆ ಪೂಜಾರಿಯೇ ಬರಲಿಲ್ಲ. ನಾನು ಅಳಲಿಲ್ಲ. ಸಿಟ್ಟಿಗೆ ಕಣ್ಣು ಉರಿಯುತ್ತಿತ್ತು, ನೀರು ಎಲ್ಲಿಂದ ಬರಬೇಕು?

ತಮ್ಮ ಬಂದದ್ದು ಯುಗಾದಿ ಕಳೆದ ಮೇಲಿನ ವಾರ, ರೈಲಿನಲ್ಲಿ. ಅವನು ಚಪ್ಪಲಿ ಬಿಡುವ ಮೊದಲೇ ನಾನು ಶುರು ಮಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಅಪ್ಪನ ಹೆಸರು ಎತ್ತಿದೆ, ಅವನ ಜನಿವಾರದ ವಿಷಯ ಎತ್ತಿದೆ. ನಿನ್ನ ದೋಣಿ ಮುಳುಗಿಹೋಗಲಿ ಅಂದೆ. "ಮುಳುಗೋದಕ್ಕೇ ಕಟ್ತಾರೆ ಅದನ್ನ, ಬೇರೆ ಶಾಪ ಹುಡುಕು" ಅಂತ ಯಜಮಾನರು ನಡುವೆ ಬಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ.

ತಮ್ಮನಿಗೂ ಕೋಪ ಬಂತು. "ಅಕ್ಕ, ನೀನು ಆ ಚಿತ್ರಗಳನ್ನ ನೋಡೋದು ನಿಲ್ಲಿಸು. ಫೋನಲ್ಲಿ ಅದರ ಮಾತೆತ್ತೋದು ಬೇರೆ! ಯಾರಾದ್ರೂ ಕೇಳಿಸ್ಕೊಂಡ್ರೆ ನಾನೇ ಹೇಳಿದ್ದು ಅಂತಾರೆ. ನನ್ನ ಕೆಲಸ ಹೋಗತ್ತೆ, ಜೈಲಿಗೆ ಹಾಕಿದ್ರೂ ಹಾಕಿದ್ರು."

"ನಾನೇನು ಕದ್ದು ನೋಡಿದ್ನಾ? ಇಡೀ ಲೋಕ ನೋಡ್ತಿದೆ. ಯಾರಿಗೆ ಕಾಣಬಾರದೋ ಅವರಿಗೆಲ್ಲ ಕಾಣತ್ತೆ. ಸ್ವಂತ ಅಕ್ಕ ನೋಡಿದ್ರೆ ಅಪರಾಧವಾ? ಚಪ್ಪರ ಹಾಕಿ, ದೊಡ್ಡವರನ್ನ ಕರೆಸಿ, ಹೂವು ಎರಚಿಕೊಂಡು ಸಂಭ್ರಮ ಮಾಡ್ತೀರಿ. ಮನೆಗೆ ಒಂದು ದಿನ ಬರೋಕಾಗಲ್ಲ ನಿಂಗೆ!"

ಅವನು ಕುರ್ಚಿಯಲ್ಲಿ ಕೂತ. "ಅದು ಸಂಭ್ರಮದ ಚಪ್ಪರ ಅಲ್ಲ ಅಕ್ಕ" ಅಂದ.

ಗುತ್ತಿಗೆ ಕೆಲಸಕ್ಕೆ ಬಂದಿದ್ದ ವೆಲ್ಡರ್ ಒಬ್ಬ ಶೆಡ್ಡಿನೊಳಗೆ ಸತ್ತಿದ್ದ. ಹೇಗೆ ಅನ್ನುವುದನ್ನು ತಮ್ಮ ಹೇಳಲಿಲ್ಲ, ಹೇಳೋ ಹಾಗಿಲ್ಲ. ಅವನ ಜೊತೆಯವರೆಲ್ಲ ಕೊನೆಯ ಸಲ ನೋಡಲಿ ಅಂತ ಹೊರಗೆ ಬಿಸಿಲಿಗೆ ಶಾಮಿಯಾನ ಕಟ್ಟಿಸಿ ಅದರ ಕೆಳಗೆ ಮಲಗಿಸಿದ್ದರು. ಆಮೇಲೂ ಅದನ್ನು ಬಿಚ್ಚಲಿಲ್ಲ. ಕೆಲಸಗಾರರು ಅಲ್ಲೇ ಕೂತರು, ಅವನ ಮನೆಯವರಿಗೆ ಏನಾದರೂ ಕೊಡುತ್ತೀವಿ ಅಂತ ಮಾತು ಕೊಡುವವರೆಗೂ ಏಳುವುದಿಲ್ಲ ಅಂತ. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ನಾನು ಫೋನ್ ಮಾಡಿದಾಗ ತಮ್ಮ ಆ ಚಪ್ಪರದ ಕೆಳಗೇ ಇದ್ದ. ಪರಿಹಾರದ ಮಾತುಕತೆ ಮುಗಿದ ಮೇಲೆ, ಮಂಜುಗಡ್ಡೆಯಲ್ಲಿಟ್ಟಿದ್ದ ಹೆಣವನ್ನು ಅದರ ಊರಿಗೆ ಮುಟ್ಟಿಸುವ ಕೆಲಸ ತಮ್ಮನ ಪಾಲಿಗೆ ಬಂತು. ಯುಗಾದಿಯ ಬೆಳಿಗ್ಗೆ ಅವನು ಬೇರೆ ಯಾರದೋ ಮನೆಯ ಬಾಗಿಲಲ್ಲಿ ನಿಂತಿದ್ದ.

"ಅವರಮ್ಮ ಕೇಳಿದ್ರು, ನನ್ನ ಮಗ ಅಲ್ಲಿ ಏನು ಕೆಲಸ ಮಾಡ್ತಿದ್ದ ಅಂತ" ಅಂದ ತಮ್ಮ. "ಪಂಪಿನ ಕೆಲಸ ಅಂದೆ."

ಮತ್ತೆ ಅವನೇ ಹೇಳಿದ. "ನಾನು ಹೆಣಕ್ಕೆ ಹೆಗಲು ಕೊಟ್ಟಿದ್ದೆ ಅಕ್ಕ. ಅವತ್ತು ಹಾರಿಕೊಂಡು ಬಂದಿದ್ರೂ ಗುಡಿ ಒಳಗೆ ಹೋಗೋ ಹಾಗಿರಲಿಲ್ಲ."

ನನಗೆ ಹೋಳಿಗೆ ನೆನಪಾಯಿತು. ಸ್ಟಾಫ್ ರೂಮಿನಲ್ಲಿ ತುಪ್ಪ ಹಾಕಿ ಹಾಕಿ ಬಡಿಸಿದ್ದೆ. ಇನ್ನೊಂದು ಹಾಕಿಸಿಕೊಳ್ಳಿ ಮೇಡಂ, ಒಳ್ಳೆಯ ಸುದ್ದಿ ಅಂದಿದ್ದೆ. ಒಬ್ಬ ತಾಯಿಯ ಮಗ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದಕ್ಕೆ ನಾನು ಊರಿಗೆಲ್ಲ ಸಿಹಿ ಹಂಚಿದ್ದೆ. ಇಂಥ ಅನಿಷ್ಟದ ಕೆಲಸವನ್ನು ನನ್ನ ಕೈಯಲ್ಲಿ ಮಾಡಿಸಿದ್ದು ಯಾರು? ಸತ್ತದ್ದನ್ನು ಸತ್ತ ಅನ್ನದೆ, ಬರುವುದಿಲ್ಲ ಅನ್ನುವುದನ್ನು ಬರುವುದಿಲ್ಲ ಅನ್ನದೆ, ಎಲ್ಲದಕ್ಕೂ ತೆರೆ ಎಳೆದು ಕೂತವರು. ಆ ದೋಣಿ ನನ್ನನ್ನು ಕಾಯುತ್ತದಂತೆ. ಕಾಯಲಿ. ನನ್ನ ಹೊಟ್ಟೆ ಮಾತ್ರ ಇವತ್ತಿಗೂ ಉರಿಯುತ್ತಿದೆ.

ಮರುದಿನ ತಮ್ಮ ಗುಡಿಗೆ ಹೋಗಬೇಕು ಅಂದ. ಬಾಣಾವರದಲ್ಲಿ ಬಸ್ ಬದಲಿಸಿ ಊರಿಗೆ ಹೋದೆವು. ದಾರಿಯಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದ, ನಾನು ಟಿಕೆಟು ಸುರುಳಿ ಸುತ್ತುತ್ತಾ ಕೂತಿದ್ದೆ. ಹೋಗುವ ಹೊತ್ತಿಗೆ ಪೂಜೆ ಶುರುವಾಗಿತ್ತು, ತೆರೆ ಎಳೆದಿತ್ತು. ಒಳಗೆ ಅಣ್ಣ. ಸರದಿ ಇಲ್ಲದವನು ಒಳಗೆ ಹೋಗುವಂತಿಲ್ಲ. ಹಾಗಾಗಿ ನನ್ನ ತಮ್ಮ ಎಷ್ಟೋ ವರ್ಷಗಳ ಮೇಲೆ ನವರಂಗದ ಕಲ್ಲಿನ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತ.

ನೀರು ಸುರಿಯಿತು. ಹಾಲು ಸುರಿಯಿತು. ಒದ್ದೆ ವಸ್ತ್ರ ಹೊರಗೆ ಬಂತು. ಅಣ್ಣ ಹೂವಿಗೆ ಬಹಳ ಹೊತ್ತು ಮಾಡಿದ, ಅಪ್ಪ ಅಷ್ಟು ಹೊತ್ತು ಮಾಡುತ್ತಿರಲಿಲ್ಲ. ಆಮೇಲೆ ಎಲ್ಲ ಸದ್ದೂ ನಿಂತಿತು. ಕಂಬದ ಮೇಲಿನ ಪಾರಿವಾಳವೂ ಸುಮ್ಮನಿತ್ತು.

ತಮ್ಮ ಚಿಕ್ಕಂದಿನ ಆಟದಲ್ಲಿ ಕೇಳುತ್ತಿದ್ದ ಹಾಗೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದ. "ಸದ್ದೇ ಇಲ್ವಲ್ಲ ಅಕ್ಕ. ಒಳಗೆ ಏನಾಗ್ತಿದೆ?"

"ಹೇಳೋ ಹಾಗಿಲ್ಲ ಕಣೋ" ಅಂದೆ.

ಅವನು ತಲೆ ತಗ್ಗಿಸಿದ. ನನ್ನ ಕೋಪ ನಿನ್ನ ಮೇಲಲ್ಲ ಅಂತ ಅವನಿಗೆ ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.